ಪಳನಿಯಿಂದ ಕಂಬಂ ಕಣಿವೆಯವರೆಗೆ: ಕಸುಬುದಾರರ ನಡುವೆ ಐದು ದಿನ

(ಬೆಳೆಗಾರ ಸದಸ್ಯರ ವಿಭಾಗೀಯ ಸಭೆಯಲ್ಲಿ ಕಬ್ಬು ಅಭಿವೃದ್ಧಿ ಅಧಿಕಾರಿಗಳು ಮಾಡಿದ ಭಾಷಣದ ಬರಹರೂಪ)



ಈ ವೇದಿಕೆಯಿಂದ ಪ್ರತಿ ಸಲವೂ ನಾನು ಮಾತನಾಡುವುದು ಬೀಜದ ಕಬ್ಬು, ಸುಳಿಕೊರಕ, ಕುಳೆ ಕಬ್ಬಿಗೆ ಕೊಡಬೇಕಾದ ಗೊಬ್ಬರ, ಇವುಗಳನ್ನು ಕುರಿತೇ. ಕೇಳಿ ಕೇಳಿ ತಮಗೂ ಬೇಸರ ಬಂದಿರಬೇಕು. ಈ ಸಲ ಅಧ್ಯಕ್ಷರ ಅಪ್ಪಣೆ ಪಡೆದು ಬೇರೊಂದು ಸಂಗತಿಯನ್ನು ತಮ್ಮ ಮುಂದಿಡುತ್ತಿದ್ದೇನೆ. ಇದರೊಳಗೂ ಕಬ್ಬು ಬಂದೇ ಬರುತ್ತದೆ. ಕಬ್ಬನ್ನು ಬಿಟ್ಟು ಅರ್ಧ ಗಂಟೆ ಮಾತನಾಡುವ ಶಕ್ತಿ ನನಗಿಲ್ಲ.

ಕಳೆದ ಹಂಗಾಮು ಮುಗಿದ ಮೇಲೆ ಕಾರ್ಖಾನೆಯ ಕೆಲಸದ ಮೇಲೆ ಕೊಯಿಮತ್ತೂರಿನ ಕಬ್ಬು ತಳಿ ಸಂವರ್ಧನ ಸಂಸ್ಥೆಗೆ ಹೋಗಿದ್ದೆ. 1912ರಲ್ಲಿ ಆರಂಭವಾದ ಆ ಸಂಸ್ಥೆಯ ಋಣ ತಮ್ಮ ಹೊಲದಲ್ಲೇ ನಿಂತಿದೆ. ಕೋ 86032 ಎನ್ನುವಾಗ ಆ ‘ಕೋ’ ಎಂಬುದು ಕೊಯಿಮತ್ತೂರಿನ ಮೊದಲ ಅಕ್ಷರವೇ. ಅಲ್ಲಿಯ ಕೆಲಸ ಮುಗಿದ ಬಳಿಕ ಐದು ದಿನ ಸ್ವಂತ ರಜೆ ಹಾಕಿ, ಪೊಳ್ಳಾಚಿ, ಉಡುಮಲೈ ಮಾರ್ಗವಾಗಿ ಪಳನಿಗೆ, ಅಲ್ಲಿಂದ ದಿಂಡಿಗಲ್ಲಿಗೆ, ಮುಂದೆ ತೇನಿ ಮತ್ತು ಕಂಬಂ ಕಣಿವೆಗೆ ಬಸ್ಸಿನಲ್ಲಿ ತಿರುಗಾಡಿ ಬಂದೆ. ಮನೆಯಲ್ಲಿ ಹೇಳಿದ್ದು ದೇವರ ದರ್ಶನಕ್ಕೆ ಎಂದು. ದರ್ಶನವೂ ಆಯಿತು. ಮನಸ್ಸಿನಲ್ಲಿದ್ದುದು ಮಾತ್ರ ಇನ್ನೊಂದು. ನಮ್ಮ ಕಾರ್ಯಕ್ಷೇತ್ರದ ಹಳ್ಳಿಗಳಲ್ಲಿ ಕಬ್ಬು ಕಡಿಯುವ ಕತ್ತಿ ಬಡಿಯುತ್ತಿದ್ದ ಕಂಬಾರನ ಕುಲುಮೆ, ಬಂಡಿ ಕಟ್ಟುತ್ತಿದ್ದ ಬಡಿಗೇರನ ಕೊಟ್ಟಿಗೆ ಒಂದೊಂದಾಗಿ ಬಾಗಿಲು ಹಾಕುತ್ತಿರುವುದನ್ನು ತಾವೂ ನೋಡುತ್ತಿದ್ದೀರಿ. ಹೀಗಿರುವಾಗ ಇನ್ನೊಂದು ಸೀಮೆಯಲ್ಲಿ ಕೈಕಸುಬಿನವರು ಯಾವ ಆಧಾರದ ಮೇಲೆ ಉಳಿದಿದ್ದಾರೆ, ಉಳಿಯದವರು ಏಕೆ ಉಳಿಯಲಿಲ್ಲ ಎಂಬುದನ್ನು ಕಣ್ಣಾರೆ ನೋಡಬೇಕೆನಿಸಿತ್ತು.

ಮೊದಲು ಪಳನಿ. ಸುಮಾರು 690 ಮೆಟ್ಟಿಲಿನ ಬೆಟ್ಟ, ಮೇಲೆ ದಂಡಾಯುಧಪಾಣಿ ಸ್ವಾಮಿ. ಕೆಳಗೆ ಬೀದಿ ತುಂಬ ಪಂಚಾಮೃತದ ಅಂಗಡಿ. ಪಳನಿಯ ಪಂಚಾಮೃತ ನಮ್ಮ ಮನೆಯ ಪೂಜೆಯ ಪಂಚಾಮೃತವಲ್ಲ. ನಮ್ಮದರಲ್ಲಿ ಹಾಲು, ಮೊಸರು ಇರುತ್ತದೆ, ಸಂಜೆಯ ಹೊತ್ತಿಗೆ ಹುಳಿ ಬರುತ್ತದೆ. ಅವರದರಲ್ಲಿ ಬಾಳೆಹಣ್ಣು, ನಾಡ ಸಕ್ಕರೆ, ಹಸುವಿನ ತುಪ್ಪ, ಜೇನುತುಪ್ಪ, ಏಲಕ್ಕಿ, ಇವು ಐದು. ಮೇಲೆ ಖರ್ಜೂರ, ಕಲ್ಲುಸಕ್ಕರೆ. ಒಂದು ತೊಟ್ಟು ನೀರನ್ನೂ ಸೇರಿಸುವುದಿಲ್ಲ. ಕೆಡದಂತೆ ಕಾಪಾಡುವ ಯಾವ ಮದ್ದನ್ನೂ ಹಾಕುವುದಿಲ್ಲ. ಆದರೂ ದಿನಗಟ್ಟಲೆ ಕೆಡುವುದಿಲ್ಲ. ಸಿಹಿ ಅಷ್ಟು ಗಟ್ಟಿಯಾಗಿರುವಾಗ ಬೂಸ್ಟಿಗೆ ಬೇಕಾದ ನೀರು ಸಿಗುವುದಿಲ್ಲ, ಅದೇ ಗುಟ್ಟು. ತಮ್ಮ ಕಬ್ಬಿನ ಸಿಹಿ ಅಲ್ಲಿ ರುಚಿಯ ಕೆಲಸವನ್ನೂ ಕಾವಲಿನ ಕೆಲಸವನ್ನೂ ಮಾಡುತ್ತದೆ.

ಆ ಬಾಳೆಯೂ ಎಲ್ಲೆಂದರಲ್ಲಿಯದಲ್ಲ. ಪಳನಿ ಬೆಟ್ಟಸಾಲಿನ ಇಳಿಜಾರಿನಲ್ಲಿ ಬೆಳೆಯುವ ವಿರೂಪಾಕ್ಷಿ ಎಂಬ ಬೆಟ್ಟದ ಬಾಳೆ. ನೀರಿನಂಶ ಕಡಿಮೆ, ಪರಿಮಳ ಹೆಚ್ಚು. ಬಂಚಿ ಟಾಪ್ ಎಂಬ ನಂಜುರೋಗ ಬಿದ್ದು, ಸಸ್ಯಹೇನಿನಿಂದ ತೋಟದಿಂದ ತೋಟಕ್ಕೆ ಹರಡಿ, ಆ ಬಾಳೆಯ ತೋಟಗಳು ಕಳೆದ ಶತಮಾನದಲ್ಲಿಯೇ ಬಹಳ ಕುಗ್ಗಿಹೋದವು. ರೋಗವಿಲ್ಲದ ಸಸಿ ಎಬ್ಬಿಸಿ ಕೊಟ್ಟ ಮೇಲೆ ಸ್ವಲ್ಪ ಚೇತರಿಕೆಯಾಗಿದೆ. ನಮ್ಮಲ್ಲಿ ಹುಲ್ಲಿನಂತೆ ಮರಿ ಒಡೆಯುವ ರೋಗ ಬಂದ ಕಬ್ಬಿನಿಂದಲೇ ಬೀಜ ಕಡಿದು ನೆಡುವವರು ಇನ್ನೂ ಇದ್ದಾರೆ; ಹೆಸರು ಹೇಳುವುದಿಲ್ಲ, ಅವರಿಗೇ ಗೊತ್ತು. ಬೀಜ ಕೆಟ್ಟರೆ ಬೆಳೆಗಾರನ ಜೊತೆಗೆ ಅವನ ಹಿಂದೆ ನಿಂತ ಕಸುಬುದಾರನೂ ಕೆಡುತ್ತಾನೆಂಬುದಕ್ಕೆ ಆ ಬಾಳೆ ಸಾಕ್ಷಿ.

ನನಗೆ ಬೇಕಾಗಿದ್ದವರು ಸಕ್ಕರೆ ಕಾಯಿಸುವವರು. ದೇವಸ್ಥಾನದವರು ಪಂಚಾಮೃತಕ್ಕೆ ಬೇಕಾದ ನಾಡ ಸಕ್ಕರೆಯನ್ನು ಈರೋಡ್ ಜಿಲ್ಲೆಯ ಕವುಂದಪಾಡಿಯ ನಿಯಂತ್ರಿತ ಮಾರುಕಟ್ಟೆಯಲ್ಲಿ ಕೊಳ್ಳುತ್ತಾರೆ. ಸುತ್ತಲಿನ ಬೆಳೆಗಾರರು ತಮ್ಮ ಆಲೆಮನೆಯ ಸಕ್ಕರೆಯನ್ನು ಮೂಟೆ ಕಟ್ಟಿ ತಂದು ಇಡುತ್ತಾರೆ, ಹರಾಜು ನಡೆಯುತ್ತದೆ. ಪಳನಿಯ ಪಕ್ಕದ ನೆಯ್ಕಾರಪಟ್ಟಿಯ ಕಡೆ ಬೆಲ್ಲದ ಆಲೆಗಳಿವೆ. ಅಂಥ ಒಂದು ಆಲೆಯಲ್ಲಿ ಅರ್ಧ ದಿನ ಕುಳಿತೆ.

ಕೊಲ್ಹಾಪುರದ ಕಡೆ ಗುಳವ್ಯಾ ಎನ್ನುತ್ತಾರಲ್ಲ, ಹದ ಬಲ್ಲ ಆ ಮನುಷ್ಯ, ಅಂಥವರೊಬ್ಬರು ಅಲ್ಲಿದ್ದರು. ಅರವತ್ತು ದಾಟಿದ ವಯಸ್ಸು. ನನ್ನ ತಮಿಳು ಅರೆಬರೆ, ಅವರ ಮಾತು ಕಡಿಮೆ. ಆದರೂ ಕೊಪ್ಪರಿಗೆಯ ಮುಂದೆ ಭಾಷೆ ಅಷ್ಟಾಗಿ ಬೇಕಾಗುವುದಿಲ್ಲ. ರಸ ಕುದಿಬಂದು ಕಲ್ಮಶ ಮೇಲೇರಿದಾಗ ಅದನ್ನು ತೆಗೆಯುವ ಅವಸರ, ಸುಣ್ಣದ ತಿಳಿ ಹಾಕುವ ಹೊತ್ತು, ಉರಿ ತಗ್ಗಿಸುವ ಹೊತ್ತು, ಎಲ್ಲವೂ ನಮ್ಮಲ್ಲಿಯಂತೆಯೇ. ಕೊನೆಯ ಹದ ಮಾತ್ರ ಬೇರೆ. ಅಚ್ಚುಬೆಲ್ಲಕ್ಕೆ ಪಾಕ ಸುಮಾರು 118 ಡಿಗ್ರಿಗೆ ಬಂದರೆ ಇಳಿಸುತ್ತಾರೆ. ಪುಡಿ ಸಕ್ಕರೆಗೆ ಇನ್ನೆರಡು ಡಿಗ್ರಿ ಏರಬೇಕು. ಸುಣ್ಣ ಒಂದಿಷ್ಟು ಹೆಚ್ಚು ಬೀಳಬೇಕು. ಇಳಿಸಿದ ಮೇಲೆ ಹರಡಿ, ಆರುತ್ತ ಬಂದಂತೆ ಮರದ ಹಲಗೆಯಿಂದ ಉಜ್ಜಿ ಉಜ್ಜಿ ಪುಡಿ ಮಾಡಬೇಕು. ಎರಡು ಡಿಗ್ರಿ ಎಂದರೆ ಎಷ್ಟು? ಕಣ್ಣು ಮಿಟುಕಿಸುವಷ್ಟು ಹೊತ್ತು. ಮೀರಿದರೆ ಸುಟ್ಟ ವಾಸನೆ, ಮುಂಚೆ ಇಳಿಸಿದರೆ ಪುಡಿಯಾಗದೆ ಅಂಟು ಮುದ್ದೆ. ಆ ಹಿರಿಯರು ತಟ್ಟೆಯ ನೀರಿಗೆ ಒಂದು ಹನಿ ಬಿಟ್ಟು, ಬೆರಳಲ್ಲಿ ಉರುಳಿಸಿ, ಕೊಪ್ಪರಿಗೆ ಎತ್ತಲು ತಲೆಯಾಡಿಸಿದರು. ಕೃಷಿ ಪದವಿಯಲ್ಲಿ ನಾನು ಓದಿದ ಪಾಠವೆಲ್ಲ ಆ ಬೆರಳ ತುದಿಯಲ್ಲಿತ್ತು.

ಮಗ ಈ ಕೆಲಸಕ್ಕೆ ಬರುತ್ತಾನೆಯೇ ಎಂದು ಕೇಳಿದೆ. ಬರುತ್ತಾನೆ ಎಂದರು. ಐದು ದಿನದಲ್ಲಿ ಈ ಪ್ರಶ್ನೆಗೆ ಅಂಥ ಉತ್ತರ ಸಿಕ್ಕಿದ್ದು ಕಡಿಮೆ. ಅದಕ್ಕೆ ಕಾರಣವನ್ನೂ ಅವರೇ ಹೇಳಿದರು. ಬೆಟ್ಟದ ಮೇಲೆ ಜನ ಹತ್ತುವುದು ನಿಲ್ಲುವುದಿಲ್ಲ, ಜನ ಹತ್ತುವವರೆಗೆ ಪಂಚಾಮೃತ ಬೇಕು, ಅದು ಬೇಕಿರುವವರೆಗೆ ನಾಡ ಸಕ್ಕರೆ ಬೇಕು. ತೈಪೂಸದ ಕಾಲದಲ್ಲಿ ಸೇಲಂ ಜಿಲ್ಲೆಯ ಎಡಪ್ಪಾಡಿಯಿಂದ ಕಾವಡಿ ಹೊತ್ತು ನಡೆದು ಬರುವ ಭಕ್ತರು ಬೆಟ್ಟದ ಮೇಲೆಯೇ ಟನ್ನುಗಟ್ಟಲೆ ಪಂಚಾಮೃತವನ್ನು ತಾವೇ ಕಲಸಿ ಊರಿಗೆ ಒಯ್ಯುತ್ತಾರೆ. ಅಂಥ ಗಿರಾಕಿ ಯಾವ ಕಸುಬಿಗೆ ಉಂಟು, ಹೇಳಿ.

ಇನ್ನೊಂದು ಮಾತು. ಬಣ್ಣ ಬರಲೆಂದು ಬೆಲ್ಲಕ್ಕೆ ಹೈಡ್ರೋಸ್ ಸುರಿಯುವ ಚಾಳಿ, ತೂಕಕ್ಕೆಂದು ಬಿಳಿ ಸಕ್ಕರೆ ಬೆರೆಸುವ ಚಾಳಿ, ಎರಡೂ ತಮಿಳುನಾಡಿನಲ್ಲಿಯೂ ಇವೆ, ನಮ್ಮಲ್ಲಿಯೂ ಇವೆ. ಗಂಧಕದ ಅಂಶ ಬೆಲ್ಲದಲ್ಲಿ ಕಿಲೋಗೆ 70 ಮಿಲಿಗ್ರಾಂ ಮೀರಬಾರದೆಂದು ಆಹಾರ ಕಾನೂನು ಇದೆ. ಪಂಚಾಮೃತದ ಬಣ್ಣ ತಾನೇ ಕಡುಕಂದು. ಅದಕ್ಕೆ ಹಳದಿ ಹೊಳಪಿನ ಬೆಲ್ಲ ಬೇಕಾಗಿಲ್ಲ. ಹೊಳಪನ್ನು ಕೇಳುವವರು ಅಂಗಡಿಯಲ್ಲಿ ಕೊಳ್ಳುವ ನಾವೇ.

ಪಳನಿಯಿಂದ ದಿಂಡಿಗಲ್ಲಿಗೆ ಸುಮಾರು 60 ಕಿಲೋಮೀಟರು. ನಡುವೆ ಒಂದು ಹಳ್ಳಿಯಲ್ಲಿ ಇಳಿದೆ. ಊರಂಚಿನ ಅಯ್ಯನಾರ್ ಗುಡಿಯ ಮುಂದೆ ಆಳೆತ್ತರದ ಮಣ್ಣಿನ ಕುದುರೆಗಳು ಸಾಲಾಗಿ ನಿಂತಿದ್ದುದು ಬಸ್ಸಿನ ಕಿಟಕಿಯಿಂದ ಕಂಡಿತ್ತು. ಮಧುರೆ ಸೀಮೆಯಲ್ಲಿ ಇವಕ್ಕೆ ಪುರವಿ ಎನ್ನುತ್ತಾರೆ. ಮಾಡುವವರು ವೇಳಾರ್ ಎಂಬ ಕುಂಬಾರರು. ಅನೇಕ ಕಡೆ ಆ ಗುಡಿಯ ಪೂಜೆಯೂ ಅವರದೇ. ಕಾಲು, ಹೊಟ್ಟೆ, ಕುತ್ತಿಗೆ, ತಲೆ ಎಂದು ಮಣ್ಣನ್ನು ಸುರುಳಿ ಸುತ್ತಿ ಎಬ್ಬಿಸಿ, ಒಳಗೆ ಟೊಳ್ಳು ಬಿಟ್ಟು, ಒಣಗಿಸಿ ಸುಡುತ್ತಾರೆ. ಜಾತ್ರೆಯ ದಿನ ಕಣ್ಣು ಬರೆದ ಮೇಲೆಯೇ ಕುದುರೆಗೆ ಜೀವ. ಊರವರು ಹೊತ್ತುಕೊಂಡು ಮೆರವಣಿಗೆಯಲ್ಲಿ ಗುಡಿಗೆ ತಂದು ನಿಲ್ಲಿಸುತ್ತಾರೆ. ಬಿಸಿಲು ಮಳೆಗೆ ಅದು ಕರಗಿ ಬಿದ್ದರೆ ದುಃಖವಿಲ್ಲ, ಮುಂದಿನ ಜಾತ್ರೆಗೆ ಹೊಸದು ಬರುತ್ತದೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಆ ಕುದುರೆಗಿಂತ ಅದರ ಹಿಂದಿನ ಕರಾರು. ಜಾತ್ರೆ ಮಾಡಬೇಕೆಂದು ಊರವರು ನಿಶ್ಚಯಿಸಿದ ಮೇಲೆ ಊರ ಮುಖ್ಯಸ್ಥರು ಒಂದು ಹಿಡಿ ಮಣ್ಣನ್ನು ಕುಂಬಾರನ ಕೈಗೆ ಕೊಡುತ್ತಾರೆ. ಅದರ ಹೆಸರು ಪಿಡಿಮಣ್. ನಮ್ಮ ‘ಹಿಡಿ’ ಅವರ ‘ಪಿಡಿ’, ಅಷ್ಟೇ ವ್ಯತ್ಯಾಸ. ಆ ಹಿಡಿ ಮಣ್ಣು ಕೈಗೆ ಬಂದರೆ ಕೆಲಸ ಅವನದು. ಆಮೇಲೆ ಊರವರೂ ಹಿಂದೆಗೆಯುವಂತಿಲ್ಲ, ಕುಂಬಾರನೂ ಹಿಂದೆಗೆಯುವಂತಿಲ್ಲ. ಅದು ಬರುವ ಮುಂಚೆ ಅವನು ಪುರವಿಯ ಮಣ್ಣು ತುಳಿಯುವುದಿಲ್ಲ.

ಸದಸ್ಯ ಬಂಧುಗಳೇ, ತಾವು ನಾಟಿ ಮಾಡಿ ನಮ್ಮ ಕಚೇರಿಯಲ್ಲಿ ಕಬ್ಬಿನ ನೋಂದಣಿ ಮಾಡಿಸಿ ಕರಾರಿಗೆ ಸಹಿ ಹಾಕುತ್ತೀರಲ್ಲ, ಅದು ಬೇರೆ ಏನು? ಮಾರುವವನು ಬೆಳೆದು ತಂದು ಸಂತೆಯಲ್ಲಿ ಕೈಚಾಚಿ ನಿಲ್ಲುವುದು ಒಂದು ಬಗೆ. ಕೊಳ್ಳುವವನು ಮೊದಲೇ ಮಾತು ಕೊಡುವುದು ಇನ್ನೊಂದು ಬಗೆ. ನಮ್ಮ ಹಳ್ಳಿಯ ಆಯದ ಪದ್ಧತಿಯೂ ಇದೇ ಅಲ್ಲವೇ? ಸುಗ್ಗಿಯಲ್ಲಿ ಇಷ್ಟು ಸೇರು ಜೋಳ ಎಂದು ಕಂಬಾರನಿಗೆ, ಬಡಿಗೇರನಿಗೆ, ಕುಂಬಾರನಿಗೆ ಕಟ್ಟಿಕೊಟ್ಟ ಪಾಲು. ಅದರಲ್ಲಿ ಅನ್ಯಾಯವೂ ಬೇಕಾದಷ್ಟಿತ್ತು. ಜಾತಿಗೆ ಕಟ್ಟಿಹಾಕಿದ ದುಡಿಮೆ, ಕಣದ ಮೂಲೆಯಲ್ಲಿ ಕಾಯಿಸಿ ಕೊಡುವ ಪಾಲು. ಅದು ಹೋದುದಕ್ಕೆ ನಾನು ಅಳುವವನಲ್ಲ. ಆದರೆ ಅದರೊಂದಿಗೆ ಮುಂಗಡದ ಮಾತೂ ಹೋಯಿತು, ಅದರ ಜಾಗಕ್ಕೆ ನಾವು ಏನನ್ನೂ ತರಲಿಲ್ಲ. ಅಲ್ಲಿಂದ ಮುಂದೆ ಯಾವ ಕಸುಬುದಾರನನ್ನು ಕಂಡರೂ ಇವನಿಗೆ ಹಿಡಿ ಮಣ್ಣು ಕೊಡುವವರು ಯಾರು ಎಂದೇ ನಾನು ನೋಡುತ್ತ ಹೋದೆ.

ದಿಂಡಿಗಲ್ಲಿನ ಬೀಗ ತಾವು ಕೇಳಿರಬಹುದು. ಆ ಊರಿನ ಓಣಿಗಳಲ್ಲಿ ಕಾರ್ಖಾನೆ ಎಂಬುದಿಲ್ಲ, ಮನೆಯ ಮುಂದಿನ ತಗಡಿನ ಚಪ್ಪರವೇ ಕಾರ್ಖಾನೆ. ಅರ, ಗರಗಸ, ಸುತ್ತಿಗೆ, ಹಿಡಿಕಿ. ಕಬ್ಬಿಣದ ಮೈ, ಹಿತ್ತಾಳೆಯ ಒಳಗೆಲಸ. ಒಳಗಿರುವ ಲಿವರುಗಳನ್ನು ಒಂದೊಂದಾಗಿ ಕೈಯಲ್ಲಿ ಅರೆದು ಕೀಲಿಯ ಹಲ್ಲಿಗೆ ಹೊಂದಿಸುತ್ತಾರೆ. ಆದ್ದರಿಂದ ಒಂದರ ಕೀಲಿ ಇನ್ನೊಂದಕ್ಕೆ ಆಗುವುದಿಲ್ಲ. ಮಾವಿನಕಾಯಿಯ ಆಕಾರದ್ದಕ್ಕೆ ಮಾಂಗಾ ಪೂಟ್ಟು ಎಂದು ಹೆಸರು. ಕೀಲಿ ತಿರುಗಿಸಿದರೆ ಗಂಟೆ ಬಾರಿಸುವ ಬೀಗವೂ ಇದೆ; ಕಳ್ಳ ಬಂದರೆ ಮನೆಯವರಿಗೆ ಎಚ್ಚರವಾಗಲೆಂದು. ದೇವಸ್ಥಾನದ ಬಾಗಿಲಿಗೆ ಮಾಡುವ ದೊಡ್ಡ ಬೀಗವನ್ನು ಎರಡು ಕೈಯಲ್ಲಿ ಎತ್ತಬೇಕು.

2019ರಲ್ಲಿ ದಿಂಡಿಗಲ್ ಬೀಗಕ್ಕೂ ಪಳನಿ ಪಂಚಾಮೃತಕ್ಕೂ ಭೌಗೋಳಿಕ ಗುರುತು ದೊರೆಯಿತು. ಅದೇ ವರ್ಷ ನಮ್ಮ ಕಡೆಯ ಕೊಲ್ಹಾಪುರಿ ಚಪ್ಪಲಿಗೂ ಸಿಕ್ಕಿತು. ಅದರಲ್ಲಿ ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳೂ ಸೇರಿವೆ. ಎರಡೂ ಕಡೆ ಗುರುತಿನ ಕಾಗದ ಒಂದೇ. ಪಳನಿಯಲ್ಲಿ ಬೆಟ್ಟ ಹತ್ತುವ ಜನವಿದ್ದಾರೆ, ಕಾಗದಕ್ಕೆ ಬೆಲೆ ಬಂತು. ದಿಂಡಿಗಲ್ಲಿನಲ್ಲಿ ಅಂಗಡಿಗೆ ಬಂದವರು ಅಲಿಗಢದ ಯಂತ್ರದ ಬೀಗವನ್ನು ಅರ್ಧ ಬೆಲೆಗೆ ಒಯ್ಯುತ್ತಾರೆ. ನಾನು ಕುಳಿತಿದ್ದ ಚಪ್ಪರದಲ್ಲಿ ಅರ ಹಿಡಿದವರು ಇಬ್ಬರು, ಇಬ್ಬರ ತಲೆಯೂ ನರೆತಿತ್ತು. ಮಕ್ಕಳು ತಿರುಪ್ಪೂರಿನ ಬನಿಯನ್ ಕಾರ್ಖಾನೆಯಲ್ಲಿದ್ದಾರೆಂದರು. ಬೀಗ ಒಂದಕ್ಕೆ ಇಷ್ಟು ಎಂಬ ಕೂಲಿ, ಕಬ್ಬಿಣದ ದರ ಏರಿದಾಗಲೂ ಕೂಲಿ ಅಲ್ಲಿಯೇ. ಕುಶಲತೆಯಲ್ಲಿ ಅವರು ಪಳನಿಯ ಆಲೆಯವರಿಗೆ ಒಂದು ಗುಂಜಿಯೂ ಕಡಿಮೆಯಲ್ಲ. ಅವರಿಗೆ ಕೊರತೆ ಮುಂಗಡದ ಮಾತು ಕೊಡುವವರದು. ಸರ್ಕಾರದ ಕಚೇರಿಗಳು, ಬ್ಯಾಂಕುಗಳು, ದೇವಸ್ಥಾನಗಳು ವರ್ಷಕ್ಕೆ ಇಷ್ಟು ಬೀಗ ಎಂದು ಬರೆದುಕೊಟ್ಟರೆ ಆ ಓಣಿಯಲ್ಲಿ ಮತ್ತೆ ಹುಡುಗರು ಕಾಣಬಹುದು ಎಂದು ನನ್ನ ಎಣಿಕೆ. ನಾನು ಎರಡು ಬೀಗ ಕೊಂಡೆ. ಒಂದು ನಮ್ಮ ಗೊಬ್ಬರದ ಗೋದಾಮಿನಲ್ಲಿದೆ, ಬಂದವರು ನೋಡಬಹುದು.

ಊರಿನ ದಕ್ಷಿಣಕ್ಕೆ, ಮಧುರೆಯ ರಸ್ತೆಯಲ್ಲಿ ಚಿನ್ನಾಳಪಟ್ಟಿ. ಬಸ್ಸಿಳಿದರೆ ಮಗ್ಗದ ಸದ್ದು. ಇಲ್ಲಿಯ ನೇಕಾರರಲ್ಲಿ ಕನ್ನಡ ಮನೆಮಾತಿನ ದೇವಾಂಗರಿದ್ದಾರೆ. ಸೌರಾಷ್ಟ್ರ ಮನೆಮಾತಿನ ನೇಕಾರರೂ ಇದ್ದಾರೆ. ವಿಜಯನಗರದ ಕಾಲದಲ್ಲಿಯೂ ಮಧುರೆಯ ನಾಯಕರ ಕಾಲದಲ್ಲಿಯೂ ಇಳಿದು ಬಂದವರೆಂದು ಹೇಳಿಕೆ. ಅವರ ಕುಲದೇವತೆ ಚೌಡೇಶ್ವರಿ, ಅವರ ಗಾಯತ್ರಿ ಪೀಠ ಇಂದಿಗೂ ನಮ್ಮ ಹಂಪಿಯಲ್ಲಿ. ಹಬ್ಬದಲ್ಲಿ ಯುವಕರು ಕತ್ತಿ ಹಿಡಿದು ಎದೆಗೆ ಹೊಡೆದುಕೊಳ್ಳುತ್ತ ಅಲಗು ಸೇವೆ ಮಾಡುತ್ತಾರೆ. ನಾನು ಹೋದಾಗ ಹಬ್ಬದ ಕಾಲವಲ್ಲ.

ಒಂದು ಮನೆಯ ಜಗಲಿಯಲ್ಲಿ ಅಜ್ಜಿಯೊಬ್ಬರು ರಾಟೆಯಲ್ಲಿ ಕಂಡಿಕೆಗೆ ನೂಲು ಸುತ್ತುತ್ತಿದ್ದರು. ನಾನು ತಮಿಳಿನಲ್ಲಿ ತಡವರಿಸುವುದನ್ನು ನೋಡಿ, ಎಲ್ಲಿಂದ ಬಂದೆ ಎಂದು ಕನ್ನಡದಲ್ಲಿಯೇ ಕೇಳಿದರು. ಏಕವಚನ, ಅಜ್ಜಿ ಮೊಮ್ಮಗನನ್ನು ಕೇಳುವಂತೆ. ಅವರ ಕನ್ನಡದಲ್ಲಿ ತಮಿಳಿನ ಎಳೆ ಬಹಳ ಸೇರಿದೆ, ರಾಗವೂ ತಮಿಳಿನದು, ಆದರೆ ಹಾಸು ಕನ್ನಡದ್ದೇ. ನಾನು ನಿಧಾನವಾಗಿ ಮಾತನಾಡಿದರೆ ಅವರಿಗೆ ತಿಳಿಯುತ್ತಿತ್ತು, ಅವರು ನಿಧಾನವಾಗಿ ಮಾತನಾಡಿದರೆ ನನಗೆ. ಕನ್ನಡ ಅಕ್ಷರ ಅವರಾರಿಗೂ ಬಾರದು. ಮಕ್ಕಳು ಓದುವುದು ತಮಿಳಿನಲ್ಲಿ. ಸಂತೆಯಲ್ಲಿ ತಮಿಳು, ಮಗ್ಗದ ಮನೆಯಲ್ಲಿ ಕನ್ನಡ. ಹಲವು ತಲೆಮಾರು ಪುಸ್ತಕವಿಲ್ಲದೆ, ಶಾಲೆಯಿಲ್ಲದೆ ಒಂದು ಭಾಷೆಯನ್ನು ಉಳಿಸಿಕೊಂಡಿದ್ದಾರೆ.

ಹೇಗೆ ಉಳಿಯಿತು ಎಂಬುದನ್ನು ಅಜ್ಜಿಯ ಮಗ ನೇಯುತ್ತಲೇ ಹೇಳಿದರು. ಮಗ್ಗ ಮನೆಯೊಳಗಿದೆ. ಅಪ್ಪ ಕುಣಿಯಲ್ಲಿ ಕೂರುತ್ತಾನೆ, ಅವ್ವ ನೂಲು ಸುತ್ತುತ್ತಾಳೆ, ಮಗು ಅಲ್ಲಿಯೇ ಆಡಿಕೊಂಡು ಬೆಳೆಯುತ್ತದೆ. ಕೆಲಸದ ಮಾತೆಲ್ಲ ಮನೆಮಾತಿನಲ್ಲಿಯೇ. ಈಗ ಹುಡುಗ ಬೆಳಿಗ್ಗೆ ಬಸ್ಸು ಹತ್ತಿ ಮಿಲ್ಲಿಗೆ ಹೋದರೆ ದಿನವೆಲ್ಲ ತಮಿಳು; ರಾತ್ರಿ ಬಂದು ಉಣ್ಣುವಾಗ ಆಡುವ ನಾಲ್ಕು ಮಾತು ಕನ್ನಡ. ಮುಂದೆ ಅವನ ಮಗನಿಗೆ ಆ ನಾಲ್ಕೂ ಇಲ್ಲ. ಮಗ್ಗ ನಿಂತರೆ ಮಾತೂ ನಿಲ್ಲುತ್ತದೆ ಎಂದು ಅವರು ಹೇಳಿದ್ದು ದುಃಖದಿಂದಲ್ಲ, ನಾವು ಮಳೆಯ ಲೆಕ್ಕ ಹೇಳುವ ಹಾಗೆ.

ಒಂದು ಕಾಲಕ್ಕೆ ಚಿನ್ನಾಳಪಟ್ಟಿನ ಕೃತಕ ರೇಷ್ಮೆ ಸೀರೆ ತಮಿಳುನಾಡಿನ ಮನೆಮನೆಗೂ ಗೊತ್ತಿತ್ತು. ಕೆಲವು ಬಗೆಯ ಬಟ್ಟೆಯನ್ನು ಕೈಮಗ್ಗಕ್ಕೇ ಮೀಸಲಿಡಬೇಕೆಂದು 1985ರಲ್ಲಿ ಕಾಯಿದೆ ಬಂದರೂ ಪಕ್ಕದ ಓಣಿಯ ವಿದ್ಯುತ್ ಮಗ್ಗದ ಸದ್ದು ಕಾಯಿದೆಯನ್ನು ಕೇಳಿಸಿಕೊಳ್ಳುವುದಿಲ್ಲ. ಈಗ ಆ ಮನೆಯಲ್ಲಿ ನೇಯುವುದು ಸಹಕಾರಿ ಸಂಘಕ್ಕೆ. ನೂಲು ಸಂಘದ್ದು, ಮಾದರಿ ಸಂಘದ್ದು, ನೇಯ್ದುಕೊಟ್ಟರೆ ಕೂಲಿ. ಕೂಲಿ ಸಣ್ಣದು ಎಂದರು. ಹಾಗಾದರೆ ಸಂಘವನ್ನೇಕೆ ಬಿಡಲಿಲ್ಲ ಎಂದೆ. ಬಿಟ್ಟವರು ನೂಲಿಗಾಗಿ ಸಾಹುಕಾರನ ಬಾಗಿಲು ಕಾಯುತ್ತಿದ್ದಾರೆ ಎಂದರು. ತಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಾರ್ಖಾನೆಯ ಬಿಲ್ಲು ತಡವಾದರೆ ನಮ್ಮನ್ನು ಬಯ್ಯುವ ಹಕ್ಕು ತಮಗಿದೆ, ಏಕೆಂದರೆ ಕಾರ್ಖಾನೆ ತಮ್ಮದು. ಸಾಹುಕಾರನನ್ನು ಬಯ್ಯಲು ಅವನ ಅಂಗಳದಲ್ಲಿ ಜಾಗವಿರುವುದಿಲ್ಲ.

ಚಿನ್ನಾಳಪಟ್ಟಿಗೆ ಹೊಂದಿಕೊಂಡೇ ಗಾಂಧಿಗ್ರಾಮವಿದೆ. ಡಾಕ್ಟರ್ ಸೌಂದರಂ ಮತ್ತು ಜಿ. ರಾಮಚಂದ್ರನ್ ಅವರು 1947ರಲ್ಲಿ ಕಟ್ಟಿದ ಸಂಸ್ಥೆ. ಅಲ್ಲಿಯ ಗ್ರಾಮೀಣ ವಿದ್ಯಾಸಂಸ್ಥೆ 1976ರಲ್ಲಿ ವಿಶ್ವವಿದ್ಯಾಲಯದ ಮಾನ್ಯತೆ ಪಡೆಯಿತು. ನನಗೆ ಸಮಯ ಸಾಲಲಿಲ್ಲ. ಹೋಗುವವರು ಒಂದು ಪೂರ್ತಿ ದಿನವನ್ನು ಅದಕ್ಕೇ ಇಟ್ಟುಕೊಳ್ಳಿ.

ತೇನಿ ದಾಟಿ ಕಂಬಂ ಕಡೆ ಇಳಿದರೆ ಎರಡು ಕಡೆ ಬೆಟ್ಟ, ನಡುವೆ ಹಸಿರು ಹಾಸು. 1895ರಲ್ಲಿ ಮುಗಿದ ಪೆರಿಯಾರ್ ಅಣೆಕಟ್ಟು ಪಡುವಲಿಗೆ ಹರಿಯುವ ನೀರನ್ನು ಬೆಟ್ಟ ಕೊರೆದು ಮೂಡಲಿಗೆ ತಿರುಗಿಸಿತು. ಆ ನೀರಿನಲ್ಲಿ ಭತ್ತ, ತೆಂಗು, ಬಾಳೆ, ದ್ರಾಕ್ಷಿ. ಈ ಕಣಿವೆಯಲ್ಲಿ ಕನ್ನಡ ಮನೆಮಾತಿನ ಒಕ್ಕಲಿಗರಿದ್ದಾರೆ. ತಮಿಳರು ಅವರನ್ನು ಕಪ್ಪಿಲಿಯರ್ ಎನ್ನುತ್ತಾರೆ. ಬೇಸಾಯದ ಜೊತೆಗೆ ದನ ಸಾಕುವುದರಲ್ಲಿ ಹಿಂದಿನಿಂದಲೂ ಹೆಸರಾದವರು. ದನಗಾರಿಕೆ ಕಸುಬೇ, ಕಲೆಯೇ ಎಂದು ಯಾರಾದರೂ ಕೇಳಿಯಾರು. ಒಂದು ಹೋರಿಯ ನಡೆ ನೋಡಿ ಅದರ ತಾಯಿಯನ್ನು ಹೇಳುವವರನ್ನು ಕಂಡ ಮೇಲೆ ನಾನು ಆ ಪ್ರಶ್ನೆ ಕೇಳುವುದಿಲ್ಲ.

ಕಂಬಂ ಊರಿನಲ್ಲಿ ನಂದಗೋಪಾಲನ ಗುಡಿಯ ದನದ ದೊಡ್ಡಿ ಇದೆ. ದೇವರಿಗೆ ಬಿಟ್ಟ ದನಗಳು. ತಮಿಳಿನಲ್ಲಿ ತಂಬಿರಾನ್ ಮಾಡು, ಅವರ ಕನ್ನಡದಲ್ಲಿ ದೇವರ ಆವು. ‘ಆವು’ ಎಂಬ ಮಾತನ್ನು ನಾವು ಹಳಗನ್ನಡದ ಪಾಠದಲ್ಲಿ ಬಿಟ್ಟು ಬಂದಿದ್ದೇವೆ, ಅವರು ದೊಡ್ಡಿಯಲ್ಲಿ ಕಟ್ಟಿ ಸಾಕಿದ್ದಾರೆ. ಈ ಹಿಂಡಿನ ಹಾಲು ಕರೆಯುವುದಿಲ್ಲ. ಸತ್ತರೆ ಮಣ್ಣು ಮಾಡುತ್ತಾರೆ. ಹಿಂಡಿಗೆ ಒಂದು ಪಟ್ಟದ ಹೋರಿ. ಮಾಟ್ಟುಪೊಂಗಲ್ ದಿನ ಸುತ್ತಲ ಊರಿನವರೆಲ್ಲ ಬಂದು ಪೂಜಿಸುತ್ತಾರೆ.

ಈಗ ಕಬ್ಬಿನ ಮಾತು ಬಂತು. ಪಟ್ಟದ ಹೋರಿ ತೀರಿಕೊಂಡರೆ ಮುಂದಿನದನ್ನು ಆರಿಸುವುದು ಹೇಗೆ? ಇಂಗ್ಲಿಷರ ಕಾಲದಲ್ಲಿ, 1906ರಲ್ಲಿ ಅಚ್ಚಾದ ಮಧುರೆ ಜಿಲ್ಲಾ ಗೆಜೆಟಿಯರಿನಲ್ಲಿಯೇ ಈ ಹಿಂಡಿನ ವಿವರವಿದೆ. ತೈ ಮಾಸದ ಒಂದು ಶುಭ ದಿನ ಕುಲದವರೆಲ್ಲ ಸೇರಿ, ಧೂಪ ಹಾಕಿ, ಹಿಂಡಿನ ಮುಂದೆ ಕಬ್ಬಿನ ಹೊರೆ ಇಡುತ್ತಿದ್ದರು. ಯಾವ ಹೋರಿ ತಾನಾಗಿ ಮುಂದೆ ಬಂದು ಕಬ್ಬಿಗೆ ಬಾಯಿ ಹಾಕುತ್ತದೋ ಅದಕ್ಕೇ ಅರಿಸಿನ ಬಳಿದು ಪಟ್ಟ. ಮನುಷ್ಯರ ಶಿಫಾರಸು ನಡೆಯುವಂತಿಲ್ಲ. ನಮ್ಮ ಸಂಘದ ಚುನಾವಣೆಯ ಗದ್ದಲ ನೋಡಿದವರಿಗೆ ಈ ಪದ್ಧತಿ ಹಿಡಿಸಬಹುದು!

ನಾನು ಹೋದ ದಿನ ದೊಡ್ಡಿಯಲ್ಲಿ ಜನವಿರಲಿಲ್ಲ. ದನ ನೋಡಿಕೊಳ್ಳುವ ಒಬ್ಬರು ಹಗ್ಗ ಹೊಸೆಯುತ್ತ ಕುಳಿತಿದ್ದರು. ಕರ್ನಾಟಕದಿಂದ ಬಂದವನು, ಕಬ್ಬಿನ ಕೆಲಸದವನು ಎಂದೆ. ಕಬ್ಬು ತಂದಿಲ್ಲವೇ ಎಂದು ಕೇಳಿದರು. ಪೇಟೆಗೆ ಹೋಗಿ ರಸದ ಗಾಡಿಯವನಿಂದ ನಾಲ್ಕು ಜಲ್ಲೆ ಕೊಂಡು ತಂದೆ. ಹಗ್ಗವನ್ನು ಬದಿಗಿಟ್ಟು ಅವರು ಜಲ್ಲೆಯನ್ನು ತಿರುಗಿಸಿ ಗಣ್ಣು ನೋಡಿದರು, ಒಂದು ತುಂಡು ತಾವೇ ಅಗಿದು ನೋಡಿದರು, ಆಮೇಲೆ ದನಕ್ಕೆ ಕೊಟ್ಟರು. ಈ ದನಗಳಿಗೆ ಮೇವು ಬರುವುದು ಹರಕೆಯಿಂದ, ಕುಲದವರ ಕಾಣಿಕೆಯಿಂದ. ಮೊದಲು ಮಳೆಗಾಲಕ್ಕೆ ಬೆಟ್ಟಕ್ಕೆ ಹೊಡೆದುಕೊಂಡು ಹೋಗಿ ಮೇಯಿಸುತ್ತಿದ್ದರಂತೆ. ಈಗ ಕಾಡಿಗೆ ಬಿಡುವುದು ಕಷ್ಟ ಎಂದರು.

ಇಷ್ಟು ಹೇಳಿ ನಾನು ಕುಳಿತ ಮೇಲೆ ಸಭೆಯಲ್ಲಿ ಎರಡು ಪ್ರಶ್ನೆ ಬಂದವು. ಓದುವವರಿಗೂ ಉಪಯೋಗವಾದೀತೆಂದು ಉತ್ತರದ ಸಹಿತ ಇಲ್ಲಿ ಕೊಟ್ಟಿದೆ.

ಮೊದಲನೆಯ ಪ್ರಶ್ನೆ ಒಬ್ಬ ತರುಣ ಸದಸ್ಯರದು: ಹಾಗಾದರೆ ನಾವೂ ನಾಡ ಸಕ್ಕರೆ ಮಾಡಿ ಮಾರಿದರೆ ಕಾರ್ಖಾನೆಗಿಂತ ಹೆಚ್ಚು ಸಿಗುವುದಿಲ್ಲವೇ? ಲೆಕ್ಕ ಹಾಕಿ ನೋಡಿ. ಒಂದು ಟನ್ನು ಕಬ್ಬಿನಿಂದ ಸುಮಾರು 100 ಕಿಲೋ ಬೆಲ್ಲ. ಕಬ್ಬು ಪಕ್ವವಾಗಿದ್ದು ಗಾಣ ಚೆನ್ನಾಗಿದ್ದರೆ ಸ್ವಲ್ಪ ಹೆಚ್ಚು. ಅದರಲ್ಲಿ ಅರೆಯುವ ಕೂಲಿ, ಕಾಯಿಸುವ ಕೂಲಿ, ಮೂಟೆ, ಸಾಗಣೆ ಕಳೆಯಿರಿ. ಉರುವಲಿಗೆ ಸಿಪ್ಪೆ ಸಾಕಾಗುತ್ತದೆ ಎಂದೇ ಇಟ್ಟುಕೊಳ್ಳಿ. ಕೊನೆಗೆ ಉಳಿಯುವುದು ಆ ದಿನದ ಹರಾಜಿನ ದರದ ಮೇಲೆ. ಕಾರ್ಖಾನೆಯ ಕಬ್ಬಿಗಾದರೆ ಕೇಂದ್ರ ಸರ್ಕಾರ ನಿಗದಿ ಮಾಡಿದ ಕನಿಷ್ಠ ದರ ಇದೆ, 1966ರ ಕಬ್ಬು ನಿಯಂತ್ರಣ ಆಜ್ಞೆಯ ಪ್ರಕಾರ 14 ದಿನದೊಳಗೆ ಹಣ ಕೊಡಬೇಕೆಂಬ ನಿಯಮ ಇದೆ. ಬೆಲ್ಲಕ್ಕೆ ಇವೆರಡೂ ಇಲ್ಲ. ಕವುಂದಪಾಡಿಯವರಿಗೆ ಪಳನಿಯಂಥ ಗಿರಾಕಿ ಇದೆ, ಹದ ಬಲ್ಲ ಕೈಗಳಿವೆ. ನಮ್ಮಲ್ಲಿ ಯಾರಿಗಾದರೂ ಅಂಥ ಕಾಯಂ ಗಿರಾಕಿ ಸಿಕ್ಕಿದ್ದರೆ, ಹದ ಬಲ್ಲವರೊಬ್ಬರು ಇದ್ದರೆ, ನೋಂದಣಿಯ ಕಬ್ಬನ್ನು ಬಿಟ್ಟು ಉಳಿದದ್ದರಲ್ಲಿ ಮಾಡಲಿ, ನಾನು ಬೇಡವೆನ್ನುವುದಿಲ್ಲ. ಹೈಡ್ರೋಸ್ ಮಾತ್ರ ಬೇಡ.

ಎರಡನೆಯದು ಹಿರಿಯ ಸದಸ್ಯರೊಬ್ಬರು ಎದ್ದು ನಿಂತು ಕೇಳಿದ್ದು: ಸಾಹೇಬರೇ, ಊರೂರು ತಿರುಗಿ ಬಂದಿರಿ, ನಮ್ಮೂರ ಕಂಬಾರನಿಗೆ ಹಿಡಿ ಮಣ್ಣು ಯಾರು ಕೊಡಬೇಕು? ಸಭೆ ನಕ್ಕಿತು, ಆದರೆ ಪ್ರಶ್ನೆ ನಗುವಂಥದಲ್ಲ. ಕಟಾವು ತಂಡಗಳಿಗೆ ಪ್ರತಿ ವರ್ಷ ಕತ್ತಿಗಳು ಬೇಕು. ಈಗ ತಂಡದವರು ಪೇಟೆಯಲ್ಲಿ ಸಿಕ್ಕ ತಗಡಿನ ಕತ್ತಿ ತರುತ್ತಾರೆ. ಎರಡು ವಾರಕ್ಕೆ ಬಾಯಿ ಮಡಿಯುತ್ತದೆ. ಮೊಂಡ ಕತ್ತಿಯಲ್ಲಿ ಬುಡ ಸಮಕ್ಕೆ ಕಡಿಯಲಾಗದೆ ನಾಲ್ಕು ಬೆರಳು ಮೋಟು ಉಳಿಯುತ್ತದೆ. ಆ ಮೋಟಿನಲ್ಲಿರುವುದೇ ಹೆಚ್ಚು ಸಿಹಿಯ ಭಾಗ, ತೂಕವೂ ಹೋಯಿತು, ಮುಂದೆ ಕುಳೆಯೂ ಮೇಲಿನಿಂದ ಒಡೆದು ಬಡವಾಯಿತು. ಒಳ್ಳೆಯ ಹದ ಕೊಟ್ಟ ಕತ್ತಿ ತಮ್ಮ ಲಾಭದ ವಿಷಯ, ಕಂಬಾರನ ಮೇಲಿನ ದಯೆಯ ವಿಷಯವಲ್ಲ. ಮುಂಬರುವ ಹಂಗಾಮಿಗೆ ಬೇಕಾದ ಕತ್ತಿಗಳಲ್ಲಿ ಒಂದು ಪಾಲನ್ನು ನಮ್ಮ ಕಾರ್ಯಕ್ಷೇತ್ರದ ಕಂಬಾರರಿಂದಲೇ ಮಾಡಿಸಿ, ದಸರೆಗೆ ಮೊದಲು ಮುಂಗಡ ಕೊಡುವ ಸೂಚನೆಯನ್ನು ಆಡಳಿತ ಮಂಡಳಿಯ ಮುಂದಿಡಲು ಸಿದ್ಧಪಡಿಸಿದ್ದೇನೆ. ಅದಕ್ಕೆ ಯಾದಿ ಬೇಕು. ತಮ್ಮ ಊರಿನಲ್ಲಿ ಕುಲುಮೆ ಇನ್ನೂ ಉರಿಯುತ್ತಿದ್ದರೆ, ಅಥವಾ ಆರಿದ್ದರೂ ಕೆಲಸ ಬಲ್ಲವರು ಇದ್ದರೆ, ಅವರ ಹೆಸರು, ಊರು, ತಿಂಗಳಿಗೆ ಎಷ್ಟು ಕತ್ತಿ ಬಡಿಯಬಲ್ಲರು ಎಂಬುದನ್ನು ಬರೆದು ತಮ್ಮ ವಿಭಾಗದ ಫೀಲ್ಡ್‌ಮನ್ ಕೈಗೆ ಈ ತಿಂಗಳ ಕೊನೆಯೊಳಗೆ ಮುಟ್ಟಿಸಿರಿ. ಮಾದರಿಗೆಂದು ಒಂದು ಕತ್ತಿಯನ್ನೂ ಕಳುಹಿಸಿದರೆ ಒಳ್ಳೆಯದು, ಅದರ ಬೆಲೆಯನ್ನು ಕಚೇರಿಯಿಂದ ಕೊಡಲಾಗುವುದು.